ಅರ್ಧ ದಾರಿಯ ದುಭಾಷಿ

ಕೊಳೆತ ಈರುಳ್ಳಿಯ ಜಗಳ ಮುಗಿಯುವಷ್ಟರಲ್ಲಿ ಮೀರಿಮ್‌ಳ ಚಹಾ ಆರಿ ತಣ್ಣಗಾಗಿತ್ತು. ಫೋನಿನ ಆ ತುದಿಯಲ್ಲಿ ನಾರಿನ್ ಪೇಟೆಯ ತರಕಾರಿ ವ್ಯಾಪಾರಿ, "ತಂಗೀ, ನನ್ನ ಅಂಗಡಿಯಿಂದ ಹೊರಡೋವಾಗ ಈರುಳ್ಳಿ ಮದುಮಗಳ ಥರ ಇತ್ತು. ನಿಮ್ಮ ಲಾರೀಲಿ ಕೊಳೆತ್ರೆ ನಾನೇನು ಮಾಡ್ಲಿ?" ಎಂದು ಪಟ್ಟು ಹಿಡಿದಿದ್ದ. ಈ ತುದಿಯಲ್ಲಿ ಶಿಬಿರದ ಬಾಣಸಿಗ ಮಾ ಸೌಟು ಹಿಡಿದುಕೊಂಡು, ಚೀನೀ ಭಾಷೆಯಲ್ಲಿ ವ್ಯಾಪಾರಿಯ ವಂಶವನ್ನೆಲ್ಲ ಜಾಲಾಡುತ್ತಿದ್ದ. ಮೀರಿಮ್ ಇವನ ಬೈಗುಳದ ಖಾರವನ್ನೂ ಅವನ ನಯದ ಬೆಣ್ಣೆಯನ್ನೂ ಸಮಸಮ ಕಳೆದು, ಸಂಜೆಯೊಳಗೆ ಹೊಸ ಮೂಟೆ ಬರುವಂತೆ ಮಾಡಿದಳು.

ಕಿರ್ಗಿಜ್ ನಾಡಿನ ಕಾರಾ-ಬೆಲ್ ಕಣಿವೆಯಲ್ಲಿ ಚೀನೀ ಕಂಪನಿಯೊಂದು ಕೊರೆಯುತ್ತಿದ್ದ ರಸ್ತೆ ಸುರಂಗದ ಕೆಲಸಕ್ಕೆ ಅವಳನ್ನು ದುಭಾಷಿ ಎಂದು ಕರೆದುಕೊಂಡಿದ್ದರು. ಕರಾರು ರಸ್ತೆ ತೆರೆಯುವವರೆಗೆ, ಎಂದರೆ ಬರುವ ವರ್ಷದ ಶರತ್ಕಾಲದವರೆಗೆ. ಚೀನಾದ ಲಾನ್‌ಜೋ ನಗರದಲ್ಲಿ ವರ್ಷಗಟ್ಟಲೆ ಓದಿ, ಅಲ್ಲಿಯ ಮಾತನ್ನು ಅಲ್ಲಿಯವರ ಜೋಕು ಸಮೇತ ಕಲಿತು ಬಂದವಳು ಅವಳು. ಆದರೆ ಶಿಬಿರದಲ್ಲಿ ಅವಳಿಗೆ ಸಿಕ್ಕಿದ್ದು ಈರುಳ್ಳಿ, ಗ್ಯಾಸ್ ಸಿಲಿಂಡರು, ಯಾರಿಗೋ ಹಲ್ಲುನೋವಿನ ಮಾತ್ರೆ, ಸ್ನಾನದ ಮನೆಯ ಬಾಗಿಲಿಗೆ ಅಂಟಿಸುವ ಸೂಚನೆ. ಎಂಜಿನಿಯರರೂ ಊರಿನವರೂ ಎದುರುಬದುರು ಕೂರುವ ಸಭೆಗೆ ಮಾತ್ರ ಅವಳಿಗೆ ಕುರ್ಚಿಯಿರಲಿಲ್ಲ. ಅಲ್ಲಿ ಕೂರುತ್ತಿದ್ದವರು ದಪ್ಪ ಮೀಸೆಯ ಉಪವ್ಯವಸ್ಥಾಪಕ ತೆಮಿರ್‌ಬೆಕ್. ಹರೆಯದಲ್ಲಿ ಗಡಿಯ ಬಜಾರಿನಲ್ಲಿ ಬಟ್ಟೆ ಮಾರುತ್ತ ಚೀನೀ ಮಾತು ಕಲಿತವರು.

"ಸಣ್ಣ ಸಭೆ ಬಿಡು, ನಾನೇ ನೋಡ್ಕೋತೀನಿ," ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. "ನೀನು ಓದಿದವಳು, ನಿನ್ನನ್ನ ಯಾಕೆ ದಣಿಸೋದು?"

ದಣಿಯುವುದಕ್ಕೆಂದೇ ತಾನು ಬಂದದ್ದು ಎಂದು ಮೀರಿಮ್ ಒಂದೆರಡು ಸಲ ಹೇಳಿ ನೋಡಿದ್ದಳು. ಅವರು ನಕ್ಕು ಬೇರೆ ಮಾತು ತೆಗೆದಿದ್ದರು.

ಬಿಟ್ಟುಬಿಡಲೇ ಎಂಬ ಯೋಚನೆ ಅವಳ ತಲೆಯಲ್ಲಿ ಹುಟ್ಟಿದ್ದು ಹಿಮ ಕರಗುವ ಹೊತ್ತಿಗೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಜೂನ್ ತಿಂಗಳ ಒಂದು ಭಾನುವಾರ, ಅತ್-ಬಾಶಿಯ ತವರುಮನೆಯಲ್ಲಿ, ತಾಯಿ ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಾಗ.

ತಾಯಿ ಕುಲಿಪಾ ಬಾಣಲೆಯಿಂದ ಕಣ್ಣೆತ್ತದೆ ಕೇಳಿದಳು: "ಮತ್ತೆ ಅರ್ಧಕ್ಕೇನೇ?"

ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಮೀರಿಮ್ ಮೊದಲು ವೈದ್ಯಕೀಯ ಕಾಲೇಜು ಸೇರಿ, ಮೊದಲ ವರ್ಷದಲ್ಲೇ ಬಿಟ್ಟು ಭಾಷೆ ಓದಲು ಹೋಗಿದ್ದಳು. ಆಮೇಲೆ ಕೋಚ್‌ಕೋರ್‌ನ ಒಬ್ಬ ಲೆಕ್ಕಪರಿಶೋಧಕನನ್ನು ಮದುವೆಯಾಗಿ, ವರ್ಷ ತುಂಬುವ ಮೊದಲೇ ಪೆಟ್ಟಿಗೆ ಎತ್ತಿಕೊಂಡು ಬಂದಿದ್ದಳು. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಆ ಮನೆಯಲ್ಲಿ ಮಾತೇ ಇರಲಿಲ್ಲ, ಅಷ್ಟೆ. ಊಟ ಬಡಿಸಿದರೆ ಉಣ್ಣುತ್ತಿದ್ದ, ದೀಪ ಆರಿಸಿದರೆ ಮಲಗುತ್ತಿದ್ದ. ಊರಿನವರಿಗೆ ಅದು ಬಿಟ್ಟುಬರುವಂಥ ಕಾರಣವಾಗಿ ಕಾಣಲಿಲ್ಲ. ಅಂದಿನಿಂದ ಕೇರಿಯ ಹೆಂಗಸರ ಬಾಯಲ್ಲಿ ಅವಳು 'ಅರ್ಧಕ್ಕೆ ಬಿಡುವ ಮೀರಿಮ್' ಆಗಿಬಿಟ್ಟಿದ್ದಳು. ಎರಡನ್ನೂ ಬಿಟ್ಟದ್ದಕ್ಕೆ ಅವಳಿಗೆ ಒಂದು ದಿನವೂ ಪಶ್ಚಾತ್ತಾಪವಾಗಿರಲಿಲ್ಲ. ಆದರೆ ಮೂರನೆಯದನ್ನು ಬಿಡುವ ಮುಂಚೆ, ಇದು ಆ ಎರಡರಂಥದೇ ಹೌದೋ ಅಲ್ಲವೋ ಎಂದು ತನಗೆ ತಾನೇ ತಿಳಿದುಕೊಳ್ಳಬೇಕೆನಿಸಿತ್ತು.

"ಅರ್ಧ ಅಲ್ಲ ಅಪಾ, ಶುರುನೇ ಆಗಿಲ್ಲ," ಎಂದು ತಾಯಿಗೆ ಹೇಳಿದಳು. "ದುಭಾಷಿ ಅಂತ ಕರೆದು ಈರುಳ್ಳಿ ತರಿಸ್ತಿದ್ದಾರೆ."

"ತರಿಸ್ಲಿ ಬಿಡು! ಊಟ ಅವರದು, ವಸತಿ ಅವರದು, ಚಳಿಗಾಲಕ್ಕೆ ಬಿಸಿಗಾಳಿ ಹೀಟರು. ಪಕ್ಕದ್ಮನೆ ಸಬೀರಾನ ಮಗಳು ಎರಡು ಡಿಗ್ರಿ ಇಟ್ಕೊಂಡು ಮೊಬೈಲ್ ಕವರ್ ಮಾರ್ತಿದ್ದಾಳೆ, ಗೊತ್ತಾ? ನೀನು ಬಿಟ್ರೆ ನಾಳೆ ನಲ್ಲಿ ಹತ್ರ ನಾನು ಏನಂತ ಹೇಳ್ಲಿ?"

"ನಲ್ಲಿಗೆ ನಾನೇ ಹೋಗ್ತೀನಿ."

"ನೀನು ಹೋಗ್ತೀಯ, ಬಿಂದಿಗೇನೂ ಅರ್ಧಕ್ಕೇ ಬಿಟ್ಟು ಬರ್ತೀಯ."

ಮೂಲೆಯಲ್ಲಿ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ ತಂದೆ ಇಸಾಕ್ ಕಿಸಕ್ಕನೆ ನಕ್ಕ. ಹೆಂಡತಿ ನೋಡಿದ ನೋಟಕ್ಕೆ ನಗೆ ನುಂಗಿಕೊಂಡ. ಅವನು ಹಿಂದೆ ಚೀನಾ ಕಡೆಯ ತೊರುಗಾರ್ತ್ ಗಡಿಯ ದಾರಿಯಲ್ಲಿ ಲಾರಿ ಓಡಿಸಿದವನು. ಈಗ ಹೆದ್ದಾರಿಯ ಪಕ್ಕದಲ್ಲಿ ಲಾರಿಗಳು ತಂಗುವ ಜಾಗದಲ್ಲಿ ಒಂದು ಶೆಡ್ಡು ಹಾಕಿಕೊಂಡು ಟಯರ್ ಪಂಕ್ಚರ್ ಹಾಕುತ್ತಿದ್ದ. ಮಾತು ಕಡಿಮೆ.

"ಊಟ ಆದ್ಮೇಲೆ ನನ್ನ ಜೊತೆ ಶೆಡ್ಡಿಗೆ ಬಾ," ಎಂದಷ್ಟೇ ಹೇಳಿದ.

ಅವರು ಹೋದಾಗ ಶೆಡ್ಡಿನ ಮುಂದೆ ಇಬ್ಬರು ಡ್ರೈವರುಗಳು ಕೈಕೈ ಮಿಲಾಯಿಸುವ ಹಂತದಲ್ಲಿದ್ದರು. ಒಬ್ಬ ನಾರಿನ್ ಕಡೆಯ ದಪ್ಪ ಮನುಷ್ಯ. ಇನ್ನೊಬ್ಬ ಕಾಶ್‌ಗರ್ ಕಡೆಯಿಂದ ಸೇಬಿನ ಲಾರಿ ತಂದ ಚೀನೀ ಡ್ರೈವರು. ಇಬ್ಬರ ನಡುವೆ ನೆಲದ ಮೇಲೆ ಒಂದು ಜಾಕು ಬಿದ್ದಿತ್ತು.

"ನನ್ನ ಜಾಕು ಕದ್ದಿದ್ದಾನೆ!" ಎಂದು ದಪ್ಪನೆಯವನು ಕೂಗಿದ. "ಮೊನ್ನೆ ಕಣಿವೇಲಿ ಪಾಪ ಅಂತ ಕೊಟ್ರೆ, ತಗೊಂಡು ಪರಾರಿ!"

ಚೀನೀಯವನೂ ಅಷ್ಟೇ ಜೋರಾಗಿ ಏನೇನೋ ಹೇಳುತ್ತಿದ್ದ. ಮೀರಿಮ್ ಅವನ ಮುಂದೆ ನಿಂತು ಅವನ ಭಾಷೆಯಲ್ಲಿ, "ಅಣ್ಣಾ, ಉಸಿರು ಬಿಟ್ಟು ಮೊದಲಿಂದ ಹೇಳಿ," ಎಂದಳು. ಅವನ ಕಣ್ಣು ಅರಳಿತು.

"ಕದ್ದಿಲ್ಲಮ್ಮ! ಬದಲು ಮಾಡ್ಕೊಂಡಿದ್ದು. ಇವನು ಜಾಕು ಕೊಟ್ಟ, ನಾನು ನನ್ನ ಒಳ್ಳೆ ಫ್ಲಾಸ್ಕು ಕೊಟ್ಟೆ. ನನ್ನ ಹೆಂಡತಿ ಕೊಡ್ಸಿದ್ದ ಫ್ಲಾಸ್ಕು. ಈಗ ಜಾಕು ವಾಪಸ್ ಬೇಕಂತೆ, ಫ್ಲಾಸ್ಕಿನ ಸುದ್ದೀನೇ ಇಲ್ಲ!"

ಅವಳು ಅದನ್ನು ಕಿರ್ಗಿಜ್ ಮಾತಿಗೆ ತಿರುಗಿಸಿದಾಗ ದಪ್ಪನೆಯವನು ಬಾಯಿ ತೆರೆದು ನಿಂತ. "ಅದು ಬದಲಿಗೆ ಕೊಟ್ಟಿದ್ದಾ? ಅಯ್ಯೋ ದೇವರೇ, ಮರೆತು ಹೋಗಿದ್ದಾನೆ ಅಂತ ನಾನು ಫ್ಲಾಸ್ಕು ವಾಪಸ್ ಮಾಡೋಕೆ ಅವನನ್ನೇ ಹುಡುಕ್ತಾ ಇದ್ದೀನಿ!" ಎಂದು ಕ್ಯಾಬಿನ್ನಿನಿಂದ ಫ್ಲಾಸ್ಕನ್ನು ತಂದೇಬಿಟ್ಟ. ಅದನ್ನು ಮೀರಿಮ್ ಹೇಳಿ ಮುಗಿಸುವ ಮೊದಲೇ ಇಬ್ಬರೂ ನಗತೊಡಗಿದ್ದರು. ಅದೇ ಫ್ಲಾಸ್ಕಿನ ಚಹಾವನ್ನು ಅಲ್ಲೇ ಎಲ್ಲರೂ ಕುಡಿದದ್ದಾಯಿತು.

ಆಮೇಲೆ ಇಸಾಕ್ ಟಯರಿನ ಮೇಲೆ ಕೂತು ಹೇಳಿದ: "ದಿನಾ ಇದೇ ಇಲ್ಲಿ. ಕೈ ಆಡಿಸ್ತಾರೆ, ಕೂಗ್ತಾರೆ. ಒಬ್ಬನಿಗೆ ಡಾಕ್ಟರು ಬೇಕು, ಒಬ್ಬನಿಗೆ ಬಿಡಿಭಾಗ ಬೇಕು, ಒಬ್ಬನ ಕಾಗದ ಸರಿ ಇಲ್ಲ. ಯಾರಿಗೂ ಬಾಯಿಲ್ಲ. ಶೆಡ್ಡಿನ ಪಕ್ಕ ಜಾಗ ಖಾಲಿ ಇದೆ." ಕೈಗೆ ಅಂಟಿದ ಮಸಿ ಒರೆಸಿಕೊಳ್ಳುತ್ತ, "ನಾನೇನೂ ಹೇಳ್ತಿಲ್ಲ," ಎಂದೂ ಸೇರಿಸಿದ.

ಮೀರಿಮ್ ಸೋಮವಾರ ಶಿಬಿರಕ್ಕೆ ಮರಳಿದಾಗ ಬಿಡುವುದೆಂದು ಮುಕ್ಕಾಲು ಪಾಲು ನಿರ್ಧಾರವಾಗಿತ್ತು. ಆ ನಿರ್ಧಾರವನ್ನು ಅಲುಗಾಡಿಸಿದವಳು ಬಾತ್ಮಾ.

ಎಲ್ಲರೂ ಎಜೆ, ಎಂದರೆ ಅಕ್ಕ, ಎಂದು ಕರೆಯುತ್ತಿದ್ದ ಬಾತ್ಮಾ ಸುರಂಗದ ಕೆಳಗಿನ ಹುಲ್ಲುಗಾವಲಿನಲ್ಲಿ ಬೇಸಿಗೆ ಕಳೆಯುವ ಕುದುರೆ ಸಾಕುವ ಹೆಂಗಸು. ಅರವತ್ತು ದಾಟಿದ್ದರೂ ಜೀನಿನ ಮೇಲೆ ಕಂಬದಂತೆ ಕೂರುತ್ತಿದ್ದಳು. ಒಂದು ಬೆಳಿಗ್ಗೆ ಇನ್ನೂ ನಾಲ್ಕಾರು ಮನೆಗಳ ಯಜಮಾನರನ್ನು ಹಿಂದಿಟ್ಟುಕೊಂಡು, ತಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು, ನೇರವಾಗಿ ಶಿಬಿರದ ಅಂಗಳಕ್ಕೇ ಕುದುರೆ ತಂದು ನಿಲ್ಲಿಸಿದಳು. ಮುಖ್ಯ ಎಂಜಿನಿಯರ್ ಗಾವ್ ಹೊರಗೆ ಬಂದರು. ಗುಂಪು ದೊಡ್ಡದಿದ್ದುದರಿಂದ ತೆಮಿರ್‌ಬೆಕ್ ಅಂದು ಮೊದಲ ಸಲ ಮೀರಿಮ್‌ಳನ್ನು ಕರೆದರು. ಕರೆದವರೇ ಕಿವಿಯಲ್ಲಿ ಪಿಸುಗುಟ್ಟಿದರು:

"ನೋಡು, ಎಲ್ಲಾ ಹೇಳ್ಬೇಡ. ರಸ್ತೆ ಬರ್ತಿರೋದು ಸಂತೋಷ, ನೀರಿನ ಕಡೆ ಸ್ವಲ್ಪ ಗಮನ ಕೊಡಿ ಅಂತಾರೆ ಅನ್ನು. ಸಾಕು."

ಬಾತ್ಮಾ ಕ್ಯಾನಿನ ಮುಚ್ಚಳ ತೆಗೆದು ಗಾವ್ ಅವರ ಬೂಟಿನ ಮುಂದೆ ನೀರು ಸುರಿದಳು. ಗಂಜಿಯಂಥ ಕಂದು ನೀರು.

"ಇದು ನನ್ನ ಚಹಾದ ನೀರು. ಕುದುರೆ ಮರಿಗಳೂ ಮೂಸಿ ನೋಡಿ ಮುಖ ತಿರುಗಿಸ್ತಿವೆ. ನಿಮ್ಮ ಗುಡ್ಡ ಅಗೆದ ಮಣ್ಣನ್ನೆಲ್ಲ ನಮ್ಮ ಹಳ್ಳದ ತಲೇಲೇ ಸುರೀತೀರಲ್ಲ, ನಿಮ್ಮ ತಾಯಿ ಮನೆ ಬಾವಿಗೆ ಹಾಗೆ ಸುರೀತಿದ್ರಾ? ಈ ನೀರು ಕುಡಿದ್ರೆ ಹಲ್ಲಿನ ಸಂದೀಲಿ ಗೋಡೆ ಕಟ್ಟೋವಷ್ಟು ಮಣ್ಣು ಸಿಗುತ್ತೆ. ಎರಡು ಸಲ ಬಂದು ಹೇಳ್ದೆ, ಎರಡು ಸಲಾನೂ ಈ ಮೀಸೆ ಮಹಾಶಯರು ಆಯ್ತು ಆಯ್ತು ಅಂತ ಕಳಿಸಿದ್ರು. ನಿಮ್ಮ ಚಹಾ ಕಾಸೋ ಸಮೋವರಿಗೆ ತೂತು ಬೀಳ! ಈಗ ಹೇಳು ಹುಡುಗಿ, ಒಂದಕ್ಷರ ಬಿಡದೆ ಹೇಳು."

ಎಲ್ಲರ ಕಣ್ಣೂ ಮೀರಿಮ್‌ಳ ಮೇಲೆ ನಿಂತವು. ತೆಮಿರ್‌ಬೆಕ್ ಕೆಮ್ಮಿದರು. ಅವಳಿಗೆ ಭಯವಾಗಲಿಲ್ಲ, ಬದಲಿಗೆ ಬಹಳ ದಿನಗಳಿಂದ ಮಡಿಸಿಟ್ಟ ಬಟ್ಟೆಯನ್ನು ಕೊಡವಿ ಉಟ್ಟಂತೆ ಹಿತವಾಯಿತು. ಅವಳು ಒಂದಕ್ಷರ ಬಿಡದೆ ಹೇಳಿದಳು. ಬಾವಿ, ಹಲ್ಲಿನ ಸಂದಿಯ ಗೋಡೆ, ಎರಡು ಸಲ ಬಂದು ಹೋದದ್ದು, ಮೀಸೆ ಮಹಾಶಯರು, ಕೊನೆಗೆ ಸಮೋವರಿನ ತೂತು. ತೂತಿನ ಮಾತಿಗೆ ಗಾವ್ ಅವರ ತುಟಿ ಒಮ್ಮೆ ಅದುರಿತು. ಆಮೇಲೆ ಅವರು ನೆಲದ ಮೇಲೆ ಹರಡಿದ್ದ ಕೆಸರನ್ನು ಬಗ್ಗಿ ಬೆರಳಲ್ಲಿ ಮುಟ್ಟಿ ನೋಡಿದರು.

"ಎರಡು ಸಲ ಬಂದಿದ್ದರಾ?" ಎಂದು ತೆಮಿರ್‌ಬೆಕ್ ಕಡೆ ತಿರುಗಿ ಕೇಳಿದರು. ತೆಮಿರ್‌ಬೆಕ್ ತಲೆ ತಗ್ಗಿಸಿದರು. ಗಾವ್ ಮೀರಿಮ್‌ಗೆ ಹೇಳಿದರು: "ಹಳ್ಳ ಎಲ್ಲಿದೆ ತೋರಿಸಿ ಅನ್ನು ಅವರಿಗೆ. ನನಗೂ ಒಂದು ಕುದುರೆ ಕೊಡುತ್ತಾರಾ ಕೇಳು."

ಬಾತ್ಮಾ ತನ್ನ ಗುಂಪಿನಲ್ಲಿದ್ದ ಮುದಿ ಕುದುರೆಯೊಂದನ್ನು ಕೊಡಿಸಿದಳು. ಗಾವ್ ಅದರ ಮೇಲೆ ಮೂಟೆಯಂತೆ ಜೋಲುತ್ತ ಹಳ್ಳದ ತಲೆಯವರೆಗೂ ಹೋಗಿ ಬಂದರು. ಆ ವಾರದಲ್ಲೇ ಮಣ್ಣು ಸುರಿಯುವ ಜಾಗ ಬದಲಾಯಿತು. ಮೇಲಿನ ಒಸರಿನಿಂದ ಹುಲ್ಲುಗಾವಲಿಗೆ ಕೊಳವೆ ಬಂತು. ಬಾತ್ಮಾ ಶಿಬಿರಕ್ಕೆ ಚರ್ಮದ ಚೀಲ ತುಂಬ ಕುಮಿಸ್ ಕಳಿಸಿದಳು. ಕುದುರೆ ಹಾಲಿನ ಆ ಹುಳಿ ಕುಡಿದು ಬಾಣಸಿಗ ಮಾ ಮುಖ ಕಿವಿಚಿ, ಆಮೇಲೆ ಇನ್ನೊಂದು ಬಟ್ಟಲು ಕೇಳಿದ.

ಇನ್ನು ಮೇಲೆ ಎಲ್ಲ ಸಭೆಗೂ ಮೀರಿಮ್ ಇರಬೇಕೆಂದು ಗಾವ್ ಅಪ್ಪಣೆ ಮಾಡಿದರು. ಈರುಳ್ಳಿಯ ಲೆಕ್ಕ ಬೇರೆಯವರ ಪಾಲಿಗೆ ಹೋಯಿತು.

ಆ ಸಂಜೆ ತೆಮಿರ್‌ಬೆಕ್ ಅವಳ ಕೋಣೆಯ ಮೆಟ್ಟಿಲ ಬಳಿ ಬಂದು ನಿಂತರು. ಜಗಳಕ್ಕೆ ಬಂದಿದ್ದಾರೆಂದು ಅವಳು ಸೆಟೆದು ನಿಂತಳು.

"ನಾನು ಮುಚ್ಚಿಟ್ಟೆ ಅಂತ ಅಂದ್ಕೊಂಡಿದ್ದೀಯ," ಎಂದರು. "ಸ್ವಲ್ಪ ಹೌದು, ಕೆಲಸ ನಿಂತ್ರೆ ಅಂತ ಹೆದರಿಕೆ. ಆದ್ರೆ ನಿಜ ಹೇಳ್ಲಾ ತಂಗಿ? ನಂಗೆ ಬರೋದು ಬಜಾರಿನ ಚೀನೀ. ಚೆನ್ನಾಗಿದೆ, ಆಯ್ತು, ನಾಳೆ ಬನ್ನಿ, ನಿಮ್ಗೋಸ್ಕರ ಕಡಿಮೆ ಮಾಡ್ತೀನಿ. ದೂರು ಹೇಳೋಕೆ ನನ್ನ ಹತ್ರ ಪದಾನೇ ಇಲ್ಲ. ಅಷ್ಟು ಜನರ ಮುಂದೆ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?"

ಮೀರಿಮ್‌ಗೆ ನಗು ಬಂತು, ಜೊತೆಗೆ ಕನಿಕರವೂ. "ಅಣ್ಣಾ, ಮೊದ್ಲೇ ಹೇಳ್ಬಾರ್ದಿತ್ತಾ? ಬನ್ನಿ, ಕೂತ್ಕೊಳ್ಳಿ. ಇವತ್ತು 'ಆಗಲ್ಲ' ಅನ್ನೋದು ಕಲಿಯೋಣ."

ಹೀಗೆ ಬಿಡಲು ಇದ್ದ ಕಾರಣವೇ ಕೈಜಾರಿ ಹೋಗಿತ್ತು. ಫೋನಿನಲ್ಲಿ ಸುದ್ದಿ ಕೇಳಿ ಕುಲಿಪಾ ಹಿಗ್ಗಿದಳು. "ನೋಡಿದ್ಯಾ? ತಾಳ್ಮೆ ಇದ್ರೆ ಎಲ್ಲಾ ಆಗುತ್ತೆ. ಇನ್ನು ರಸ್ತೆ ಆಗೋವರೆಗೂ ಅಲ್ಲಾಡ್ಬೇಡ."

ಮೀರಿಮ್ ಅವಸರ ಮಾಡಲಿಲ್ಲ. ಹೊಸ ಕೆಲಸಕ್ಕೆ ನ್ಯಾಯವಾಗಿ ಒಂದು ಅವಕಾಶ ಕೊಡಬೇಕೆಂದು ಬೇಸಿಗೆ ಪೂರ್ತಿ ಸಭೆಗಳಲ್ಲಿ ಕೂತಳು. ಸಿಮೆಂಟು, ಡೀಸೆಲ್, ಸ್ಫೋಟಕದ ಅನುಮತಿ, ಜಲ್ಲಿಯ ಗಾತ್ರ. ಕೆಲಸ ಕಷ್ಟದ್ದಲ್ಲ, ಜನ ಕೆಟ್ಟವರಲ್ಲ. ಗಾವ್ ಅವಳಿಗೆ ಕುರ್ಚಿ ಎಳೆದು ಕೊಡುತ್ತಿದ್ದರು. ಆದರೂ ಆಗಸ್ಟಿನ ಒಂದು ಮಧ್ಯಾಹ್ನ, ಎರಡು ಕಡೆಯವರೂ ಜಲ್ಲಿಯ ವಿಷಯದಲ್ಲಿ ಮೊದಲೇ ಒಪ್ಪಿಕೊಂಡದ್ದನ್ನೇ ಮತ್ತೊಮ್ಮೆ ಒಪ್ಪಿಕೊಳ್ಳುತ್ತಿದ್ದಾಗ, ಕೋಚ್‌ಕೋರ್‌ನ ಆ ಮನೆ ಅವಳಿಗೆ ನೆನಪಾಯಿತು. ಅಲ್ಲೂ ಯಾರೂ ಕೆಟ್ಟವರಿರಲಿಲ್ಲ. ತನಗೆ ಬೇಕಾದದ್ದು ಬಾತ್ಮಾ ಬಂದಂಥ ದಿನ. ಅಂಥ ದಿನ ಈ ಶಿಬಿರಕ್ಕೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಹೆದ್ದಾರಿಯ ಪಕ್ಕದಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಜೂನ್ ತಿಂಗಳಲ್ಲೇ ಸಿಟ್ಟಿನಿಂದ ಶಿಬಿರ ಬಿಟ್ಟಿದ್ದರೆ ಸಿಟ್ಟು ಇಳಿದ ಮೇಲೆ ಅನುಮಾನ ಕಾಡುತ್ತಿತ್ತು. ಈಗ ಸಿಟ್ಟೇ ಇಲ್ಲ, ಆದರೂ ಕಾಲು ಅದೇ ಕಡೆಗೆ ತಿರುಗಿದೆ. ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸಭೆ ಮುಗಿದ ಮೇಲೆ ಅವಳು ಗಾವ್ ಅವರ ಎದುರು ಕೂತು ವಿಷಯ ಹೇಳಿದಳು.

ಅವರು ಕನ್ನಡಕ ತೆಗೆದು ಒರೆಸಿದರು. "ತೆಮಿರ್‌ಬೆಕ್ ಕಾಟ ಕೊಡ್ತಿದ್ದಾರಾ?"

"ಇಲ್ಲ. ಅವರು ಈಗ ಚೆನ್ನಾಗಿ ಜಗಳವಾಡೋಕೆ ಕಲಿತಿದ್ದಾರೆ."

"ಮತ್ತೆ? ಸಂಬಳ?"

"ಅದೂ ಅಲ್ಲ. ನನ್ನ ಕೆಲಸ ಬೇರೆ ಕಡೆ ಇದೆ. ಕರಾರಿನ ಪ್ರಕಾರ ಮೊದಲೇ ತಿಳಿಸಿ ಬಿಡಬಹುದು, ಅದಕ್ಕೇ ತಿಳಿಸ್ತಿದ್ದೀನಿ. ನಾರಿನ್ ಕಾಲೇಜಿನಿಂದ ಒಬ್ಬಳನ್ನ ಕರೆತಂದು ಎಲ್ಲಾ ತೋರಿಸಿಕೊಟ್ಟೇ ಹೋಗೋದು."

ಗಾವ್ ಕಿಟಕಿಯಾಚೆ ನೋಡಿದರು. "ನಾನು ಇವತ್ತಿನವರೆಗೂ ಒಂದು ಕರಾರನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಆಫ್ರಿಕಾದಲ್ಲಿ ಸೇತುವೆ, ಇಲ್ಲಿ ಸುರಂಗ. ನನ್ನ ಮಗಳು ಅಷ್ಟರಲ್ಲಿ ದೊಡ್ಡವಳಾಗಿಬಿಟ್ಟಳು. ಫೋನಿನಲ್ಲಿ ಅಪ್ಪಾ, ಊಟ ಆಯ್ತಾ ಅಂತ ಮಾತ್ರ ಕೇಳ್ತಾಳೆ." ಕನ್ನಡಕ ಹಾಕಿಕೊಂಡರು. "ಮತ್ತೆ ಆ ಕುದುರೆ ಹೆಂಗಸು ಕ್ಯಾನು ಹಿಡ್ಕೊಂಡು ಬಂದರೆ ನಾನೇನು ಮಾಡಲಿ?"

"ಫೋನ್ ಮಾಡಿ. ಆ ದಿನದ ಮಟ್ಟಿಗೆ ಬರ್ತೀನಿ. ಆದ್ರೆ ಈರುಳ್ಳಿಗೆ ಕರೆದ್ರೆ ಬರಲ್ಲ."

ಗಾವ್ ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. "ಹಾಗಾದ್ರೆ ಇನ್ನು ಷರತ್ತು ಹಾಕೋಳು ನೀನು."

"ಹೌದು," ಎಂದಳು ಮೀರಿಮ್.

ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ. ಕುಲಿಪಾ ಹಿಟ್ಟು ನಾದುವುದನ್ನು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು, ಕಾಲೇಜಿನಿಂದ ಹಿಡಿದು ಕೋಚ್‌ಕೋರ್‌ವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹರವಿದಳು. ಮೀರಿಮ್ ಪೂರ್ತಿ ಕೇಳಿಸಿಕೊಂಡಳು.

"ಅಪಾ, ಆ ಎರಡನ್ನ ಬಿಡದೆ ಇದ್ದಿದ್ರೆ ನಾನು ಹೇಗಿರ್ತಿದ್ದೆ, ನೀನೇ ಹೇಳು."

ಕುಲಿಪಾ ಅಂಗೈಗೆ ಅಂಟಿದ ಹಿಟ್ಟನ್ನು ಉಜ್ಜಿಕೊಂಡಳು. ಕೋಚ್‌ಕೋರ್‌ಗೆ ಒಮ್ಮೆ ಮಗಳನ್ನು ನೋಡಲು ಹೋದಾಗ, ಹರಟೆಮಲ್ಲಿ ಹುಡುಗಿ ಅಡುಗೆಮನೆಯಲ್ಲಿ ಕೆಟಲ್ಲಿನ ಜೊತೆ ತಾನೇ ಮಾತಾಡಿಕೊಳ್ಳುತ್ತಿದ್ದುದನ್ನು ಅವಳು ಬಾಗಿಲ ಮರೆಯಿಂದ ಕಂಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಈಗಲೂ ಪೂರ್ತಿ ಹೇಳಲಿಲ್ಲ.

"ಒಣಗಿ ಹೋಗ್ತಿದ್ದೆ," ಎಂದಷ್ಟೇ ಹೇಳಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ನಾದುತ್ತಲೇ, "ಆ ಶೆಡ್ಡಿನಲ್ಲಿ ಒಲೆ ಇದ್ಯಾ? ನಿಮ್ಮಪ್ಪನಿಗೇನು, ಎಮ್ಮೆ ಚರ್ಮ. ನೀನು ಹೆಪ್ಪುಗಟ್ಟಿ ಹೋಗ್ತೀಯ," ಎಂದು ಗೊಣಗಿದಳು.

ಅಕ್ಟೋಬರಿನ ಮೊದಲ ಹಿಮಕ್ಕೆ ಮೀರಿಮ್ ಶೆಡ್ಡಿನ ಪಕ್ಕ ಚಕ್ರಗಳ ಮೇಲಿನ ಹಳೆಯ ಬಂಡಿಕೋಣೆಯೊಂದನ್ನು ತಂದು ನಿಲ್ಲಿಸಿದಳು. ಮೇಲೆ ಎರಡು ಲಿಪಿಯಲ್ಲಿ ಬಣ್ಣದಿಂದ ಬರೆದಳು: 'ಮಾತು ತಿರುಗಿಸಲಾಗುವುದು.' ಮೊದಲ ದಿನ ಯಾರೂ ಬರಲಿಲ್ಲ. ಮರುದಿನ ಬಂದವನೊಬ್ಬ ಶೌಚಾಲಯ ಎಲ್ಲಿ ಎಂದು ಕೇಳಿ ಹೋದ. ಇಸಾಕ್ ಅತ್ತ ನೋಡದವನಂತೆ ಟಯರು ತಿರುಗಿಸುತ್ತಿದ್ದ. ಆಮೇಲೆ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಚೀನೀ ಡ್ರೈವರೊಬ್ಬನನ್ನು ಅವಳು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು, ಅವನ ನೋವು ಎಲ್ಲಿ, ಎಂಥದು, ಯಾವಾಗ ಶುರುವಾಯಿತು ಎಂದು ಡಾಕ್ಟರಿಗೆ ಬಿಡಿಸಿ ಹೇಳಿ, ಸಕಾಲಕ್ಕೆ ಅಪೆಂಡಿಕ್ಸ್ ತೆಗೆಸಿದಳು. ಆ ಸುದ್ದಿ ಒಂದು ಲಾರಿಯಿಂದ ಇನ್ನೊಂದಕ್ಕೆ ಹಾರುತ್ತ ಗಡಿ ದಾಟಿತು. ಚಳಿಗಾಲ ಕಳೆಯುವಷ್ಟರಲ್ಲಿ ಅವಳ ಫೋನಿಗೆ ಪುರುಸೊತ್ತೇ ಇಲ್ಲವಾಯಿತು. ಶಿಬಿರದಿಂದಲೂ ಎರಡು ಸಲ ಕರೆ ಬಂತು. ಒಂದು ಸಲ ಹೋದಳು, ಇನ್ನೊಂದು ಸಲ ತೆಮಿರ್‌ಬೆಕ್ ತಾವೇ ನಿಭಾಯಿಸಿ ಜಂಬದಿಂದ ಫೋನ್ ಮಾಡಿ ಹೇಳಿದರು.

ಕುಲಿಪಾ ಮೊದಮೊದಲು ಮಗಳಿಗೆ ಊಟ ಕೊಡುವ ನೆಪದಲ್ಲಿ ಬರುತ್ತಿದ್ದಳು. ಬಂದವಳು ಒಲೆ ಹಚ್ಚಿ, ಬಿಸಿ ಚಹಾ ಇಟ್ಟು, ಸರದಿ ತಪ್ಪಿಸಿ ನುಗ್ಗುವ ಡ್ರೈವರುಗಳನ್ನು ಗದರಿಸಿ, ಸಂಜೆಯವರೆಗೂ ಉಳಿಯತೊಡಗಿದಳು. ಫೆಬ್ರವರಿಯ ಒಂದು ಬೆಳಿಗ್ಗೆ ಮೀರಿಮ್ ಆಸ್ಪತ್ರೆಯಿಂದ ತಡವಾಗಿ ಬಂದಾಗ, ಬಂಡಿಕೋಣೆಯೊಳಗೆ ತಾಯಿ ಒಬ್ಬ ಎಳೆಯ ಚೀನೀ ಡ್ರೈವರನ ಮುಂದೆ ಬೋರ್ಸೋಕ್ ತಟ್ಟೆ ಹಿಡಿದು, ಎಲ್ಲಿಂದಲೋ ಕಲಿತ ಒಂದೇ ಒಂದು ಚೀನೀ ಪದವನ್ನು ಹಟದಿಂದ ಹೇಳುತ್ತಿದ್ದಳು.

"ತಿನ್ನು! ತಿನ್ನು ಅಂದ್ರೆ!" ಎಂದು ಗದರಿ, ಬಾಗಿಲಲ್ಲಿ ನಿಂತ ಮಗಳನ್ನು ನೋಡಿದಳು. "ಒಂದು ಗಂಟೆಯಿಂದ ಕಾಯ್ತಿದ್ದಾನೆ ಪಾಪ. ಬೂಟು ಒದರಿ ಒಳಗೆ ಬಾ, ಏನು ಬೇಕು ಅಂತ ಕೇಳು ಅವನನ್ನ."